ಮರದಿಂದ ಬಿದ್ದವರನ್ನು ಎತ್ತಬೇಕೇ, ಹಾಗೇ ಬಿಡಬೇಕೇ?

ಪ್ರಶ್ನೆ: ನಮ್ಮದು ತುರುವೇಕೆರೆ ಕಡೆಯ ಹಳ್ಳಿ. ಹೋದ ತಿಂಗಳು ಪಕ್ಕದ ತೋಟದಲ್ಲಿ ತೆಂಗಿನಕಾಯಿ ಕೀಳುತ್ತಿದ್ದವರು ಮರದಿಂದ ಬಿದ್ದರು. ಪ್ರಜ್ಞೆ ಇತ್ತು, ಮಾತನಾಡುತ್ತಿದ್ದರು. ಕಾಲು ಜೋಮು ಹಿಡಿದಂತಿದೆ ಎಂದರು. ಒಬ್ಬರು ಎತ್ತಿ ಕೂರಿಸಿ ಎಂದರು, ಇನ್ನೊಬ್ಬರು ಮುಟ್ಟಲೇಬೇಡಿ ಎಂದರು. ಕೊನೆಗೆ ನಾಲ್ಕು ಜನ ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಕೂರಿಸಿಕೊಂಡು ಹೋದರು. ನಿಜಕ್ಕೂ ಏನು ಮಾಡಬೇಕಿತ್ತು?

ಉತ್ತರ: ಮುಟ್ಟಲೇಬೇಡಿ ಎಂದವರ ಮಾತು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲಿನಲ್ಲಿ ಜೀವದ ಪ್ರಶ್ನೆ ಇರುವುದರಿಂದ ಎರಡನ್ನೂ ಬಿಡಿಸಿ ಹೇಳುತ್ತೇನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ ಎಂದರೆ ತೆಂಗಿನ ಸೀಮೆ. ಚಳಿಗಾಲ ಕಳೆದರೆ ಹುಣಸೆಹಣ್ಣು ಬಡಿಯಲು ಹತ್ತುವವರು ಬೇರೆ. ಈ ಜಿಲ್ಲೆಯ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ಹಲವು ವರ್ಷ ನರ್ಸ್ ಆಗಿದ್ದೆ. ಮರದಿಂದ ಬಿದ್ದವರು ಬರುತ್ತಿದ್ದ ರೀತಿ ಹೆಚ್ಚುಕಡಿಮೆ ಒಂದೇ: ಆಟೋದ ಹಿಂದಿನ ಸೀಟಿನಲ್ಲಿ ಇಬ್ಬರ ನಡುವೆ ಮುದುಡಿ ಕುಳಿತು, ಗದ್ದ ಎದೆಗೆ ತಾಗಿ, ಪ್ರತಿ ಹಳ್ಳಕ್ಕೂ ತಲೆ ಓಲಾಡುತ್ತ. ನೋಡಿದಾಗಲೆಲ್ಲ ಬೈಯಬೇಕು ಅನ್ನಿಸುತ್ತಿತ್ತು. ಆದರೆ ಕರೆತಂದವರ ಅಂಗಿಯೂ ಬೆವರಿನಲ್ಲಿ ತೊಯ್ದಿರುತ್ತಿತ್ತು, ಅವರಲ್ಲಿ ಒಬ್ಬ ಅಳುತ್ತಿರುತ್ತಿದ್ದ. ಬಾಯಿ ಬರುತ್ತಿರಲಿಲ್ಲ.

ಬೆನ್ನುಮೂಳೆ ಇಡಿಯಾದ ಕಂಬವಲ್ಲ. ಕುತ್ತಿಗೆಯಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5 ಬಿಡಿ ಮಣಿಗಳು ಒಂದರ ಮೇಲೊಂದು ಕುಳಿತಿರುತ್ತವೆ. ಅವುಗಳ ನಡುವಿನ ಕೊಳವೆಯಲ್ಲಿ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇಳಿದು ಬರುತ್ತದೆ. ಬಿದ್ದ ಪೆಟ್ಟಿಗೆ ಮಣಿ ಒಡೆದರೂ ಹುರಿ ಉಳಿದುಕೊಂಡಿರುವುದುಂಟು. ಆಗ ಒಬ್ಬರು ತೋಳು, ಇನ್ನೊಬ್ಬರು ಕಾಲು ಹಿಡಿದು ಎತ್ತಿದರೆ ದೇಹ ನಡುವಿನಲ್ಲಿ ಮಡಚಿ, ಒಡೆದ ಚೂರು ಹುರಿಯನ್ನು ಒತ್ತಬಹುದು. ಕುತ್ತಿಗೆಯ ಮೇಲ್ಭಾಗದಲ್ಲಿ ಹೀಗಾದರೆ ಕೈಕಾಲಿಗಷ್ಟೇ ನಿಲ್ಲುವುದಿಲ್ಲ. ಉಸಿರಾಡಿಸುವ ವಪೆಯ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ, ನರಗಳು ಹೊರಡುವುದೇ ಕುತ್ತಿಗೆಯ 3, 4, 5ನೇ ಮಟ್ಟದಿಂದ. ಬೀಳುವಾಗ ಆದ ಹಾನಿಯನ್ನು ನಾವು ತೆಗೆಯಲಾರೆವು. ಎತ್ತುವಾಗ ಆಗುವ ಎರಡನೆಯದನ್ನು ತಪ್ಪಿಸಬಹುದು.

ಎಷ್ಟು ಎತ್ತರದಿಂದ ಬಿದ್ದರೆ ಅನುಮಾನಪಡಬೇಕು? ಮೂರು ಅಡಿ ಅಥವಾ ಐದು ಮೆಟ್ಟಿಲಿನಿಂದ ಬಿದ್ದರೂ ಕುತ್ತಿಗೆಯ ಮಟ್ಟಿಗೆ ಅದನ್ನು ಅಪಾಯದ ಬೀಳು ಎಂದೇ ವೈದ್ಯರು ಎಣಿಸುತ್ತಾರೆ. 65 ದಾಟಿದವರಲ್ಲಿ ವಯಸ್ಸೇ ಒಂದು ಅಪಾಯ. ತೆಂಗಿನ ಮರದ ವಿಷಯದಲ್ಲಿ ಯೋಚಿಸುತ್ತ ನಿಲ್ಲಬೇಕಾದ್ದೇ ಇಲ್ಲ.

ಈಗ ನೀವು ತೋಟದಲ್ಲಿದ್ದೀರಿ, ಅವರು ಪಾತಿಯ ಪಕ್ಕ ಅಂಗಾತ ಬಿದ್ದಿದ್ದಾರೆ ಎಂದುಕೊಳ್ಳಿ. ಓಡುವ ಮುನ್ನ ಒಮ್ಮೆ ಮೇಲೆ ನೋಡಿ. ಕಿತ್ತು ನೇತಾಡುತ್ತಿರುವ ಗರಿ, ಅರ್ಧ ಕೊಯ್ದ ಗೊನೆ, ತುಂಡಾದ ಕರೆಂಟ್ ತಂತಿ ಇದ್ದರೆ ಅದರ ಕೆಳಗೆ ಹೋಗಬೇಡಿ. ಅಂಥ ಅಪಾಯ ಇದ್ದಾಗ ಮಾತ್ರ ಬಿದ್ದವರನ್ನೂ ಅಲ್ಲಿಂದ ಸರಿಸಬೇಕು. ಹೋಗುವಾಗ ಅವರ ಮುಖ ಇರುವ ದಿಕ್ಕಿನಿಂದ, ಕಾಲಿನ ಕಡೆಯಿಂದ ಹೋಗಿ. ಹಿಂದಿನಿಂದ ಕೂಗಿದರೆ ಮನುಷ್ಯ ಸಹಜವಾಗಿ ಕತ್ತು ತಿರುಗಿಸುತ್ತಾನೆ. ‘ಅಣ್ಣಾ, ಏಳಬೇಡಿ, ತಲೆ ಅಲ್ಲಾಡಿಸಬೇಡಿ, ನಾವಿದ್ದೇವೆ’ ಎನ್ನಿ. ತಲೆಯಾಡಿಸಿ ಉತ್ತರಿಸುವಂಥ ಪ್ರಶ್ನೆ ಕೇಳಬೇಡಿ.

ಒಬ್ಬರು ತಲೆಯ ಹಿಂದೆ ಮಂಡಿಯೂರಿ ಕುಳಿತು, ಮೊಣಕೈಯನ್ನು ನೆಲಕ್ಕೆ ಅಥವಾ ತಮ್ಮ ತೊಡೆಗೆ ಊರಿ, ಎರಡೂ ಅಂಗೈಯಲ್ಲಿ ತಲೆಯನ್ನು ಹಿಡಿಯಬೇಕು. ಬೆರಳು ಅಗಲಿಸಿ, ಕಿವಿ ಮುಚ್ಚದಂತೆ. ಅವರಿಗೆ ನಿಮ್ಮ ಮಾತು ಕೇಳಿಸುತ್ತಿರಬೇಕು. ಎಳೆಯುವುದು ಬೇಡ, ಒತ್ತುವುದು ಬೇಡ, ತಲೆ ಓರೆಯಾಗಿದ್ದರೆ ನೆಟ್ಟಗೆ ಮಾಡುವುದೂ ಬೇಡ. ಇದ್ದ ಹಾಗೆ ಇರಲಿ. ಕೇಳಲು ಸುಲಭ, ಮಾಡಿ ನೋಡಿ: ಹತ್ತು ನಿಮಿಷಕ್ಕೆ ಭುಜ ಸೋಲುತ್ತದೆ, ಕಾಲು ಜೋಮು ಹಿಡಿಯುತ್ತದೆ, ಕಟ್ಟಿರುವೆ ಹತ್ತುತ್ತದೆ. ಇನ್ನೊಬ್ಬರ ಕೈ ಬಂದು ತಲೆಯ ಮೇಲೆ ಕೂತ ಮೇಲಷ್ಟೇ ನಿಮ್ಮದನ್ನು ತೆಗೆಯಿರಿ. ನೋವಿನಲ್ಲೋ ಗೊಂದಲದಲ್ಲೋ ಅವರು ಕೊಸರಾಡಿದರೆ ಬಲವಂತವಾಗಿ ಅದುಮಬೇಡಿ. ಅದರಿಂದ ಕುತ್ತಿಗೆ ಇನ್ನೂ ಉಳುಕುತ್ತದೆ.

ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಿರಬೇಕು. ಸಿಗದಿದ್ದರೆ 112. ಒಬ್ಬ ಹುಡುಗನನ್ನು ಬೈಕಿನಲ್ಲಿ ಮುಖ್ಯರಸ್ತೆಯ ತಿರುವಿಗೆ ಕಳಿಸಿ. ತೋಟದೊಳಗಿನ ಬಂಡಿ ಜಾಡು ಯಾವ ಮೊಬೈಲ್ ನಕ್ಷೆಗೂ ಸರಿಯಾಗಿ ಗೊತ್ತಿರುವುದಿಲ್ಲ. ಬಿಸಿಲಿದ್ದರೆ ಗರಿ ಹಿಡಿದು ನೆರಳು ಮಾಡಿ, ಚಳಿ ಎಂದರೆ ಕಂಬಳಿ ಹೊದಿಸಿ. ಕಾಲ್ಬೆರಳು ಆಡಿಸಲು ಹೇಳಿ, ಯಾವ ಬೆರಳು ಮುಟ್ಟಿದೆ ಎಂದು ಕೇಳಿ. ಜೋಮು, ಬೆನ್ನಿನ ನಡುವೆ ನೋವು, ಅರಿವಿಲ್ಲದೆ ಮೂತ್ರ ಹೋಗಿರುವುದು, ಇವೆಲ್ಲ ಬೆನ್ನುಹುರಿಗೆ ಪೆಟ್ಟಾಗಿರುವ ಸೂಚನೆ. ನಿಮ್ಮ ನೆರೆಯವರು ಹೇಳಿದ ಜೋಮು ಇದೇ ಇರಬಹುದು.

ಇನ್ನು ಎಳನೀರು. ತೆಂಗಿನ ತೋಟವಾದ್ದರಿಂದ ಎರಡೇ ನಿಮಿಷದಲ್ಲಿ ಯಾರಾದರೂ ಕೆತ್ತಿ ತಂದುಬಿಡುತ್ತಾರೆ. ಕೊಡಬೇಡಿ, ನೀರನ್ನೂ ಕೊಡಬೇಡಿ. ಮಲಗಿದವರು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಶಸ್ತ್ರಚಿಕಿತ್ಸೆ ಬೇಕಾದರೆ ಅರಿವಳಿಕೆ ಕೊಡುವವರಿಗೆ ತುಂಬಿದ ಹೊಟ್ಟೆ ಕಷ್ಟ. ಬಾಯಿ ಒಣಗಿದರೆ ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ಸಾಕು.

ಈಗ ಆ ಕಾಲು ಪಾಲಿಗೆ ಬರೋಣ. ಪ್ರಜ್ಞೆ ತಪ್ಪಿದವರ ಗಂಟಲಿನಲ್ಲಿ ಗೊರಗೊರ ಸದ್ದು ಬಂದರೆ ಅದು ನಿದ್ದೆಯ ಗೊರಕೆಯಲ್ಲ, ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಮುಚ್ಚುತ್ತಿದೆ. ತಲೆಯ ಹಿಂದೆ ಕುಳಿತವರು ಕಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ ಬೆರಳಿಟ್ಟು ದವಡೆಯನ್ನು ಮುಂದಕ್ಕೆ ಎತ್ತಬೇಕು. ತಲೆ ಹಿಂದಕ್ಕೆ ಬಾಗಬಾರದು. ಅದರಲ್ಲೂ ಉಸಿರು ತೆರೆದುಕೊಳ್ಳದಿದ್ದರೆ ತಲೆಯನ್ನು ಮೆಲ್ಲಗೆ, ಬೇಕಾದಷ್ಟೇ ಹಿಂದಕ್ಕೆ ಬಾಗಿಸಿ. ಉಸಿರು ನಿಂತವರಿಗೆ ಕುತ್ತಿಗೆ ಉಳಿಸಿ ಏನು ಪ್ರಯೋಜನ?

ವಾಂತಿ ಬಂತೆಂದರೆ ಪಕ್ಕಕ್ಕೆ ಹೊರಳಿಸಲೇಬೇಕು. ಇದಕ್ಕೆ ನಾಲ್ವರು ಬೇಕು: ಒಬ್ಬರು ತಲೆಗೆ, ಉಳಿದ ಮೂವರು ಒಂದೇ ಮಗ್ಗುಲಲ್ಲಿ ಭುಜಕ್ಕೆ, ಸೊಂಟಕ್ಕೆ, ಮಂಡಿಗೆ. ತಲೆ ಹಿಡಿದವರೇ ಯಜಮಾನರು. ಅವರು ಮೂರು ಎಣಿಸಿದಾಗ ಮರದ ದಿಮ್ಮಿ ಉರುಳಿಸಿದ ಹಾಗೆ ಇಡೀ ದೇಹ ಒಟ್ಟಿಗೆ ತಿರುಗಬೇಕು, ಮೂಗು ಹೊಕ್ಕಳ ನೇರಕ್ಕೇ ಇರಬೇಕು. ನೀವೊಬ್ಬರೇ ಇದ್ದರೂ ಆದಷ್ಟು ನೇರವಾಗಿ ಹೊರಳಿಸಿ, ಹಿಂಜರಿಯಬೇಡಿ. ಉಸಿರೇ ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು, ಸುಮಾರು ಎರಡು ಇಂಚು ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಿ. ಬೆನ್ನಿನ ಚಿಂತೆ ಆಗ ಬದಿಗಿರಲಿ.

ಆಂಬುಲೆನ್ಸ್ ಬರುವುದೇ ಇಲ್ಲ ಎಂದು ಖಚಿತವಾದರೆ? ಆಟೋ ಸೀಟಿಗಿಂತ ಲಗೇಜ್ ಆಟೋದ ತಳ ಮೇಲು, ಏಕೆಂದರೆ ಅಲ್ಲಿ ಮಲಗಿಸಬಹುದು. ಪಂಪ್‌ಹೌಸಿನ ಬಾಗಿಲನ್ನು ಕೀಲಿನಿಂದ ಬಿಚ್ಚಿ, ದಿಮ್ಮಿಯಂತೆ ಹೊರಳಿಸಿ ಅದರ ಮೇಲೆ ಮಲಗಿಸಿ. ಕತ್ತಿನ ಸಂದಿಗೆ ಟವೆಲ್ ತುರುಕಿ ತುಂಬಿ, ತಲೆ ಎತ್ತುವಷ್ಟು ಬೇಡ. ಪಂಚೆ, ಸೀರೆಯಲ್ಲಿ ಮೊದಲು ಎದೆ, ಆಮೇಲೆ ಸೊಂಟ, ಕಾಲು, ಕಟ್ಟಕಡೆಗೆ ತಲೆ, ಈ ಕ್ರಮದಲ್ಲಿ ಕಟ್ಟಿ. ಮೊದಲೇ ತಲೆ ಕಟ್ಟಿದರೆ ದೇಹ ಜಾರಿದಾಗ ಕುತ್ತಿಗೆ ತಿರುಚುತ್ತದೆ. ಕಂಬಳಿಯ ಜೋಲಿ ಮತ್ತು ಹಗ್ಗದ ಮಂಚ ಬೇಡವೇ ಬೇಡ, ಎರಡೂ ನಡುವೆ ಕುಸಿಯುತ್ತವೆ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿ ತರುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಕತ್ತು ಎಳೆದು ಕೂರಿಸುತ್ತೇವೆ ಎನ್ನುವವರ ಬಳಿಗೂ ಹೋಗಬೇಡಿ. ಕೈಮೂಳೆಯ ಕಟ್ಟಿನ ವಾದ ಬೇರೆ, ಬೆನ್ನು ಕುತ್ತಿಗೆಗೆ ಆ ಕೈ ತಾಗಬಾರದು.

ಆಸ್ಪತ್ರೆಯ ವಿಷಯದಲ್ಲಿ ಇನ್ನೊಂದು ಅವಸರವಿದೆ: ‘ಇಲ್ಲಿ ಬೇಡ, ಸೀದಾ ನಿಮ್ಹಾನ್ಸ್‌ಗೆ ನಡೆಯಿರಿ’. ತುಮಕೂರಿನಿಂದಲೇ ಬೆಂಗಳೂರು ಸುಮಾರು 70 ಕಿಲೋಮೀಟರ್, ತುರುವೇಕೆರೆಯಿಂದ ಇನ್ನೂ ದೂರ. ಪೆಟ್ಟು ತಿಂದ ಮಿದುಳಿಗೆ ಆಮ್ಲಜನಕದ ಕೊರತೆ, ಕುಸಿದ ರಕ್ತದೊತ್ತಡ ಎರಡೂ ಶತ್ರು. ಅವನ್ನು ಸರಿಪಡಿಸುವ ಕೆಲಸ ಹತ್ತಿರದ ಆಸ್ಪತ್ರೆಯಲ್ಲೇ ಶುರುವಾಗಲಿ, ಮುಂದಕ್ಕೆ ಕಳಿಸುವುದನ್ನು ಅಲ್ಲಿನ ವೈದ್ಯರು ನಿರ್ಧರಿಸಲಿ.

ಹೆದ್ದಾರಿಯ ಅಪಘಾತಕ್ಕೂ ಇವೇ ನಿಯಮಗಳು. ಹೆಲ್ಮೆಟ್ ಮಾತ್ರ ಬೇರೆ ವಿಚಾರ: ಉಸಿರಾಟ ಸರಿಯಿದ್ದರೆ ಗಾಜು ಮೇಲೆತ್ತಿ, ಹೆಲ್ಮೆಟ್ ಹಾಗೇ ಬಿಡಿ. ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಪಟ್ಟಿ ಬಿಚ್ಚಿ, ಒಬ್ಬರು ಕೆಳಗಿನಿಂದ ದವಡೆ ಮತ್ತು ಹಿಂಗತ್ತು ಹಿಡಿದಿರಬೇಕು, ಇನ್ನೊಬ್ಬರು ಹೆಲ್ಮೆಟ್ಟಿನ ಬದಿಗಳನ್ನು ಅಗಲಿಸಿ ನಿಧಾನವಾಗಿ ಜಾರಿಸಬೇಕು. ಪೊಲೀಸು, ಕೋರ್ಟು ಎಂಬ ಭಯ ಬೇಡ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ವಿಧಿ, ಅಪಘಾತದಲ್ಲಿ ಸದ್ಭಾವದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಅವರು ಹೆಸರು ಹೇಳಲೇಬೇಕೆಂಬ ಕಡ್ಡಾಯವೂ ಇಲ್ಲ.

ತಲೆಯ ಗಾಯದಿಂದ ರಕ್ತ ಧಾರಾಳವಾಗಿ ಹರಿಯುತ್ತದೆ, ನೋಡಿ ಗಾಬರಿಯಾಗಬೇಡಿ. ಶುಭ್ರ ಬಟ್ಟೆ ಮಡಚಿ ಒತ್ತಿ ಹಿಡಿಯಿರಿ. ಕೈಗೆ ಮೂಳೆ ತಗ್ಗಾದಂತೆ ಸಿಕ್ಕಿದರೆ ಮಾತ್ರ ಅದರ ಮೇಲೆ ಒತ್ತದೆ ಸಡಿಲವಾಗಿ ಮುಚ್ಚಿ. ಕಿವಿ, ಮೂಗಿನಿಂದ ನೀರಿನಂಥದ್ದು ಸೋರಿದರೆ ಹತ್ತಿ ತುರುಕಬೇಡಿ. ಅದು ಮಿದುಳಿನ ಸುತ್ತಲ ದ್ರವ ಇರಬಹುದು, ತಡೆದರೆ ಸೋಂಕು ಒಳಗೇ ಉಳಿಯುತ್ತದೆ. ಕಾಫಿಪುಡಿಯನ್ನೂ ಅರಿಶಿನವನ್ನೂ ಹೊಲಿಗೆ ಹಾಕುವ ಮುನ್ನ ಗಾಯದಿಂದ ತೊಳೆದು ತೆಗೆದೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಫಿಟ್ಸ್ ಬಂದರೆ ಕೈಗೆ ಬೀಗದ ಕೈಯೂ ಬೇಡ, ಬಾಯಿಗೆ ಚಮಚವೂ ಬೇಡ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬಿದ್ದು ಮಲಗಿದವರಿಗಿಂತ ಎದ್ದು ನಡೆದವರು. ತಲೆಗೆ ಕಾಯಿ ಬಿದ್ದು ಒಂದು ಗಳಿಗೆ ಮಂಕಾಗಿ, ಎದ್ದು, ಕಾಫಿ ಕುಡಿದು, ‘ಏನೂ ಆಗಿಲ್ಲ’ ಎಂದು ಮನೆಗೆ ಹೋಗಿ ಮಲಗುತ್ತಾರೆ. ಬುರುಡೆ ಮತ್ತು ಮಿದುಳಿನ ಹೊರಪೊರೆಯ ನಡುವೆ ರಕ್ತನಾಳ ಹರಿದಿದ್ದರೆ, ಮಾತುಕತೆ ಚೆನ್ನಾಗಿರುವ ಆ ಒಂದೆರಡು ಗಂಟೆಯಲ್ಲೇ ರಕ್ತ ಕೂಡಿಕೊಳ್ಳುತ್ತಿರುತ್ತದೆ. ಆದ್ದರಿಂದ ಪ್ರಜ್ಞೆ ಒಂದು ಕ್ಷಣ ತಪ್ಪಿದ್ದರೂ ವೈದ್ಯರಿಗೆ ತೋರಿಸಿ. ಮನೆಗೆ ಕಳಿಸಿದರೂ 48 ಗಂಟೆ ಒಬ್ಬರು ಜೊತೆಗಿರಲಿ. ಹೆಚ್ಚುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಬಾಯಲ್ಲಿ ಸಾರಾಯಿ ವಾಸನೆ ಇತ್ತೆಂದು ‘ಕುಡಿದಿದ್ದಾನೆ, ಬಿಡಿ’ ಎಂದು ಮೂಲೆಯಲ್ಲಿ ಮಲಗಿಸಿದವರನ್ನು ಬೆಳಿಗ್ಗೆ ತಂದದ್ದನ್ನು ಕಂಡಿದ್ದೇನೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹಿರಿಯರು ಬಚ್ಚಲಲ್ಲಿ ಜಾರಿ ತಲೆ ತಗುಲಿಸಿಕೊಂಡರೆ, ಗಾಯ ಕಾಣದಿದ್ದರೂ ಅಂದೇ ತೋರಿಸಬೇಕು. ಇಂಥವರಲ್ಲಿ ರಕ್ತ ನಿಧಾನವಾಗಿ ಜಿನುಗಿ ವಾರಗಳ ನಂತರ ಮರೆವು, ತಡವರಿಕೆಯಾಗಿ ಕಾಣಿಸುವುದೂ ಉಂಟು.

ಆಂಬುಲೆನ್ಸಿನವರಿಗೆ, ವೈದ್ಯರಿಗೆ ಹೇಳಬೇಕಾದ್ದು ಇಷ್ಟು: ಎಷ್ಟು ಹೊತ್ತಿಗೆ, ಎಷ್ಟು ಎತ್ತರದಿಂದ, ಹೇಗೆ ಬಿದ್ದರು, ಪ್ರಜ್ಞೆ ತಪ್ಪಿತ್ತೇ, ಎಷ್ಟು ಸಲ ವಾಂತಿ, ಕಾಲು ಆಡುತ್ತಿತ್ತೇ. ಗಾಬರಿಯಲ್ಲಿ ಮೊದಲು ಮರೆಯುವುದು ಹೊತ್ತು. ಒಮ್ಮೆ ಹೈಸ್ಕೂಲಿನ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಿದ್ದಳು. ಅಂಗೈ ತುಂಬ ಪೆನ್ನಿನಲ್ಲಿ ಬರೆದುಕೊಂಡಿದ್ದಳು: 10.40 ಬಿದ್ದರು, 11.05 ವಾಂತಿ, 11.20 ವಾಂತಿ, ಬಲಗಾಲು ಆಡುತ್ತದೆ, ಎಡಗಾಲು ಇಲ್ಲ. ಬೆವರಿಗೆ ಕೊನೆಯ ಸಾಲು ಅಳಿಸತೊಡಗಿತ್ತು. ಡಾಕ್ಟರು ಅವಳ ಕೈ ಹಿಡಿದುಕೊಂಡು ಓದುತ್ತಲೇ ಸ್ಕ್ಯಾನ್‌ಗೆ ಚೀಟಿ ಬರೆದರು.