ಹಕ್ಕಿ, ಬಿಸಿಲು, ತಂತಿ: ಎರೆಭೂತದ ವ್ಯಾಜ್ಯ ಇಷ್ಟು ಗೋಜಲಾದದ್ದು ಹೇಗೆ?

ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕಾದರೆ ಬಿಸಿಲಿನಿಂದ ಕರೆಂಟ್ ತೆಗೆಯಬೇಕು. ಅಂಥ ಬಿಸಿಲು ಧಾರಾಳವಾಗಿರುವ ರಾಜಸ್ಥಾನದ ಜೈಸಲ್ಮೇರ್ ಸೀಮೆಯೇ ಎರೆಭೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ಬಯಲುಹಕ್ಕಿಯ, ಕೊನೆಯ ದೊಡ್ಡ ನೆಲೆ. ಹೀಗಾಗಿ ಈ ಹಕ್ಕಿಯನ್ನು ಉಳಿಸಿ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಪ್ರಕರಣ ‘ಹಕ್ಕಿಯೋ ಹವಾಮಾನವೋ’ ಎಂಬ ಜಗಳದಂತೆ ಕಾಣುತ್ತದೆ. ಆದರೆ ಅದರ ಬೇರು ಇರುವುದು ಕಂದಾಯದ ಕಡತಗಳಲ್ಲಿ.

ಪಕ್ಷಿತಜ್ಞ ಸಲೀಂ ಅಲಿ ಈ ಹಕ್ಕಿಯನ್ನು ರಾಷ್ಟ್ರಪಕ್ಷಿ ಮಾಡಬೇಕೆಂದಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. 1969ರ ಸುಮಾರಿಗೆ 1,260ರಷ್ಟಿದ್ದ ಹಕ್ಕಿಗಳು ಬೇಟೆ, ನೀರಾವರಿ ಮತ್ತು ನೆಡುತೋಪುಗಳ ನಡುವೆ ಕರಗುತ್ತ 2011ಕ್ಕೆ 250ರ ಆಸುಪಾಸಿಗೆ ಇಳಿದವು. ಈಗ ಉಳಿದಿರುವುದು ಸುಮಾರು 150. ನಮ್ಮ ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವೇನೋ ಆಯಿತು, ಆದರೆ ಬಯಲಿನ ಬಹಳಷ್ಟು ಭಾಗದಲ್ಲಿ ನೀಲಗಿರಿ ಎದ್ದು ನಿಂತಿತು. ಬಯಲನ್ನೇ ನಂಬಿದ ಎರೆಭೂತ ಅಲ್ಲಿಂದ ಮರೆಯಾಯಿತು. ರಾಜಸ್ಥಾನದಲ್ಲೂ ಕಥೆ ಇದೇ. ದನ ಮೇಯುವ ಹುಲ್ಲುಗಾವಲು, ದೇವರ ಹೆಸರಿನಲ್ಲಿ ಬಿಟ್ಟ ‘ಓರಣ್’ ಬಯಲುಗಳೆಲ್ಲ ಎಷ್ಟೋ ಕಡೆ ದಾಖಲೆಯಲ್ಲಿ ‘ಬಂಜರು’. ಬಂಜರು ಎಂದು ಬರೆದ ಮೇಲೆ ಯಾವ ಯೋಜನೆಗೆ ಕೊಟ್ಟರೂ ನಷ್ಟದ ಲೆಕ್ಕ ಬೀಳುವುದಿಲ್ಲ.

ಸೌರಫಲಕವೂ ಬಯಲನ್ನು ನುಂಗುತ್ತದೆ, ಆದರೆ ಹಕ್ಕಿಯನ್ನು ನೇರವಾಗಿ ಕೊಲ್ಲುವುದು ಅಲ್ಲಿಂದ ಕರೆಂಟ್ ಒಯ್ಯುವ ತಂತಿ. ಎರೆಭೂತದ ಗಂಡು 15 ಕಿಲೋವರೆಗೆ ತೂಗುತ್ತದೆ. ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿರುವುದರಿಂದ ಸುತ್ತಲಿನ ಅಪಾಯ ಚೆನ್ನಾಗಿ ಕಾಣುತ್ತದೆ, ನೇರ ಮುಂದಿನದು ಕಾಣುವುದು ಕಡಿಮೆ. ಹಾರುವಾಗ ತಲೆ ತುಸು ಬಗ್ಗಿಸಿ ನೆಲ ನೋಡಿತೆಂದರೆ ಮುಂದಿನ ದಾರಿ ಪೂರ್ತಿ ಕುರುಡು. ತಂತಿ ಕಣ್ಣಿಗೆ ಬೀಳುವ ಹೊತ್ತಿಗೆ ಅಷ್ಟು ಭಾರದ ಮೈಯನ್ನು ತಿರುಗಿಸಲು ಸಮಯವೇ ಇರುವುದಿಲ್ಲ. ಸಾಯುವುದು ಹೆಚ್ಚಾಗಿ ಶಾಕ್ ಹೊಡೆದಲ್ಲ, ಬಡಿದು. ಥಾರ್ ಮರುಭೂಮಿಯ 4,200 ಚದರ ಕಿ.ಮೀ.ಯಲ್ಲಿ ತಂತಿಗೆ ಸಿಕ್ಕು ವರ್ಷಕ್ಕೆ ಎಲ್ಲ ಜಾತಿಯವೂ ಸೇರಿ ಸುಮಾರು 84,000 ಹಕ್ಕಿಗಳು ಸಾಯುತ್ತವೆ ಎಂಬುದು ಭಾರತೀಯ ವನ್ಯಜೀವಿ ಸಂಸ್ಥೆಯ ಅಂದಾಜು. ಎರೆಭೂತ ನೆಲದ ಮೇಲೆ ಇಡುವುದು ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆ. ಆದ್ದರಿಂದ ಬೆಳೆದ ಹೆಣ್ಣೊಂದು ಸತ್ತರೆ ಆ ನಷ್ಟ ಹಲವು ವರ್ಷಗಳದು.

2021ರ ಏಪ್ರಿಲ್‌ನಲ್ಲಿ ಕೋರ್ಟ್ ಸುಮಾರು 99,000 ಚದರ ಕಿ.ಮೀ. ವ್ಯಾಪ್ತಿಗೆ ಆದೇಶ ಕೊಟ್ಟಿತು: ಸಾಧ್ಯವಿದ್ದಲ್ಲೆಲ್ಲ ತಂತಿ ನೆಲದಡಿಗೆ, ಅಲ್ಲಿಯವರೆಗೆ ಡೈವರ್ಟರ್. ತಂತಿಗೆ ಕ್ಲ್ಯಾಂಪ್ ಹಾಕಿ ನೇತುಬಿಡುವ ಈ ಬಿಲ್ಲೆಗಳು ಗಾಳಿಗೆ ತಿರುಗಿ ಮಿನುಗುತ್ತವೆ. ಆದರೆ ಅವು ತಂತಿಯನ್ನು ಎದ್ದು ಕಾಣಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮರಳುಗಾಳಿಗೆ ಕ್ಲ್ಯಾಂಪ್ ಸಡಿಲಾದರೆ ಉದುರಿಯೂ ಬೀಳುತ್ತವೆ. ಮತ್ತೆ ಮತ್ತೆ ಪರೀಕ್ಷಿಸದಿದ್ದರೆ ಡೈವರ್ಟರ್ ಹಾಕಿದ್ದು ಕಾಗದದಲ್ಲಷ್ಟೇ ಉಳಿಯುತ್ತದೆ.

ನೆಲದಡಿಯ ಕೇಬಲ್ 33 ಕೆವಿ (ಕಿಲೋವೋಲ್ಟ್) ವರೆಗೆ ರೂಢಿಯ ಕೆಲಸ. 400 ಕೆವಿಯದು ಬೇರೆ ಮಾತು. ಅಂಥ ಕೇಬಲ್ ಉದ್ದಕ್ಕೂ ಒಂದೇ ಎಳೆಯಾಗಿ ಬರುವುದಿಲ್ಲ, ತುಂಡು ತುಂಡಾಗಿ ಜೋಡಿಸಬೇಕು. ಜಾಯಿಂಟ್ ಹೆಚ್ಚಿದಷ್ಟೂ ಕೆಡುವ ಜಾಗ ಹೆಚ್ಚು. ಕೇಬಲ್ ಉದ್ದವಾದಂತೆ ಚಾರ್ಜಿಂಗ್ ಕರೆಂಟ್ (ಕೇಬಲ್ ತಾನೇ ಎಳೆದುಕೊಳ್ಳುವ ಕರೆಂಟ್) ಏರುತ್ತದೆ, ಅದನ್ನು ಸರಿದೂಗಿಸಲು ನಡುನಡುವೆ ರಿಯಾಕ್ಟರ್ ಎಂಬ ದೊಡ್ಡ ವಿದ್ಯುತ್ ಸುರುಳಿಗಳನ್ನು ಕೂರಿಸಬೇಕಾಗುತ್ತದೆ. ಖರ್ಚು ಹಲವು ಪಟ್ಟು. ಇಂಥ ವಾದ ಕೇಳಿದ ಮೇಲೆ ಕೋರ್ಟ್ 2024ರ ಮಾರ್ಚ್ 21ರಂದು ಹಳೆಯ ಆದೇಶ ಸಡಿಲಿಸಿ ತಜ್ಞರ ಸಮಿತಿ ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತವಾಗಿರುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಡಿಯ ಹಕ್ಕು ಎಂದು ಹೇಳಿದ್ದೂ ಇದೇ ತೀರ್ಪು. ಮಹತ್ವದ ಮಾತು, ಅನುಮಾನವಿಲ್ಲ. ಆದರೆ ಅಲ್ಲಿಂದಾಚೆ ತಕ್ಕಡಿಯ ಒಂದು ತಟ್ಟೆಯಲ್ಲಿ ಮನುಷ್ಯನ ಮೂಲಭೂತ ಹಕ್ಕು, ಇನ್ನೊಂದರಲ್ಲಿ ಹಕ್ಕಿ ಎಂಬಂತಾಯಿತು. ಯಾವ ಬಯಲಿನಲ್ಲಿ ಫಲಕ, ಯಾವ ದಾರಿಯಲ್ಲಿ ತಂತಿ ಎಂದು ಮೊದಲೇ ಕೇಳಿದ್ದರೆ ಇಷ್ಟು ತೂಗಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ಸಮಿತಿಯ ಶಿಫಾರಸು ಒಪ್ಪಿದ 2025ರ ಡಿಸೆಂಬರ್ ತೀರ್ಪು ಹಕ್ಕಿಯ ರಕ್ಷಣೆಯ ಆದ್ಯತಾ ಪ್ರದೇಶವನ್ನು ರಾಜಸ್ಥಾನದಲ್ಲಿ 14,013, ಗುಜರಾತಿನಲ್ಲಿ 740 ಚದರ ಕಿ.ಮೀ.ಗೆ ನಿಗದಿ ಮಾಡಿತು. ಹೊಸ ದೊಡ್ಡ ಲೈನುಗಳು ಅಲ್ಲಿ ಗೊತ್ತುಮಾಡಿದ ಕಾರಿಡಾರಿನಲ್ಲೇ ಹೋಗಬೇಕು.

ಈ ನಡುವೆ 2019ರಿಂದ ಬಯಲಿನ ಮೊಟ್ಟೆ ತಂದು ಮರಿ ಮಾಡಿಸುವ ಕೇಂದ್ರ ಜೈಸಲ್ಮೇರ್ ಜಿಲ್ಲೆಯಲ್ಲಿ ನಡೆಯುತ್ತಿದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ಮನುಷ್ಯರ ಕೈಯಲ್ಲಿ ಬೆಳೆದ ಹಕ್ಕಿ ಮನುಷ್ಯರನ್ನೇ ತನ್ನವರೆಂದುಕೊಳ್ಳುವ ಅಪಾಯವಿದೆ, ಹಾಗಾಗಿ ಬಿಡುಗಡೆಗೆ ಬೇಕಾದದ್ದು ಅವುಗಳ ಮುಂದಿನ ಪೀಳಿಗೆ. ಬಿಡಲು ತಂತಿಯಿಲ್ಲದ ಬಯಲೂ ಬೇಕು.

ಬಳ್ಳಾರಿಯ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಎರೆಭೂತ ಕಂಡಿವೆ. ಕೋರ್ಟಿನ ಈ ಆದ್ಯತಾ ಪ್ರದೇಶದಲ್ಲಿ ಕರ್ನಾಟಕವಿಲ್ಲ. ಇಲ್ಲಿ ಹಕ್ಕಿ ಮೇಯುವುದು ಕಡಲೆ, ಜೋಳ, ಹತ್ತಿ ಬೆಳೆಯುವ ರೈತರ ಎರೆಹೊಲದಲ್ಲಿ. ಹಕ್ಕಿ ಮೊಟ್ಟೆ ಇಡುವ ತಿಂಗಳುಗಳಲ್ಲಿ ಹೊಲ ಬೀಳುಬಿಟ್ಟ, ಔಷಧಿ ಹೊಡೆಯದ ರೈತನಿಗೆ ಆ ಹಂಗಾಮಿನ ಆದಾಯ ಕಟ್ಟಿಕೊಡದೆ ಇಲ್ಲಿ ರಕ್ಷಣೆ ಆರಂಭವಾಗುವುದಿಲ್ಲ.