ಸೆನ್ಸರ್ ಇದ್ದ ಮೇಲೂ ಕೈಯಲ್ಲಿ ಬರೆಸಬೇಕೇ?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಲ್ಯಾಬಿನಲ್ಲಿ ತಾಪಮಾನದ ಸೆನ್ಸರನ್ನು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದ್ದೇವೆ. ಅಂಕಿಗಳು ತಾವಾಗಿಯೇ ಲ್ಯಾಪ್‌ಟಾಪಿಗೆ ಹೋಗಿ ಕೂರುತ್ತವೆ. ಆದರೂ ಮಕ್ಕಳಿಂದ ನೋಟ್‌ಬುಕ್ಕಿನಲ್ಲಿ ಬರೆಸಬೇಕೇ? ಬರೆಸುವುದಾದರೆ ಹೇಗೆ?

ಉತ್ತರ: ಎಲ್ಲವನ್ನೂ ಬರೆಸಬೇಕಿಲ್ಲ. ಚಪ್ಪಾಳೆಯ ಸದ್ದನ್ನೋ ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿಯಾಗುವುದನ್ನೋ ಅಳೆಯುವಾಗ ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಅದು ಯಂತ್ರಕ್ಕೇ ಇರಲಿ. ಲೋಟದ ಬಿಸಿನೀರು ಆರುವಂಥ ನಿಧಾನದ ಪ್ರಯೋಗವಾದರೆ ಖಂಡಿತ ಬರೆಸಿ.

ನಿಮ್ಮದು ಉದ್ದ ವೈರಿನ ತುದಿಗೆ ಸ್ಟೀಲ್ ಮೂತಿ ಇರುವ ಡಿಎಸ್18ಬಿ20 ಸೆನ್ಸರ್ ಇರಬಹುದು. ಶಾಲೆಗಳಲ್ಲಿ ಹೆಚ್ಚಾಗಿ ಕಾಣುವುದು ಅದೇ. ಅದಕ್ಕೊಂದು ವಿಚಿತ್ರ ಗುಣವಿದೆ. ವಿದ್ಯುತ್ ಸಿಕ್ಕ ಕೂಡಲೇ ಅದರ ಸ್ಮರಣೆಯಲ್ಲಿರುವ ಅಂಕಿ 85 ಡಿಗ್ರಿ. ನಿಜವಾಗಿ ಅಳೆದು ಹೇಳಲು ಮುಕ್ಕಾಲು ಸೆಕೆಂಡಿನವರೆಗೂ ಬೇಕು. ಅದಕ್ಕೂ ಮುಂಚೆ ಕೇಳಿದರೆ ನೀರು ತಣ್ಣಗಿದ್ದರೂ 85 ಎಂದೇ ಉತ್ತರ. ವೈರು ಒಂದು ಕ್ಷಣ ಬಿಟ್ಟು ಕೂಡಿಕೊಂಡರೂ ಇದೇ ಪಾಡು. ಪೂರ್ತಿ ಕಳಚಿದರೆ ಸಾಮಾನ್ಯವಾಗಿ ಪರದೆಯ ಮೇಲೆ ಮೈನಸ್ 127 ಬರುತ್ತದೆ, ಅದನ್ನು ಯಾರೂ ನಂಬುವುದಿಲ್ಲ. ಆದರೆ 85 ಎಂಬುದು ಬಿಸಿನೀರಿಗೆ ಒಪ್ಪುವ ಸಂಖ್ಯೆ, ಮೋಸ ಮಾಡುವುದೇ ಅದು.

ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡಿದ ಒಂದು ತರಗತಿಯಲ್ಲಿ ಹೀಗೇ ಆಯಿತು. ಆರನೇ ನಿಮಿಷಕ್ಕೆ 71.3, ಏಳಕ್ಕೆ 69.8, ಎಂಟಕ್ಕೆ 85.0. ಬರೆಯುತ್ತಿದ್ದ ಹುಡುಗಿ ಪೆನ್ನು ಎತ್ತಿ, “ಸರ್, ಒಲೆಯೇ ಇಲ್ಲದೆ ನೀರು ಕಾಯಿತು” ಎಂದಳು. ಅಂಕಿಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ “ಮೊಣಕೈ ವೈರಿಗೆ ತಗುಲಿತು” ಎಂದು ಬರೆದಳು. ಲ್ಯಾಪ್‌ಟಾಪಿನಲ್ಲಿಯೂ 85 ದಾಖಲಾಗಿತ್ತು, ಮೊಣಕೈ ಮಾತ್ರ ಇರಲಿಲ್ಲ.

ಆದ್ದರಿಂದ ಕೋಷ್ಟಕಕ್ಕೆ ಸಮಯ, ತಾಪಮಾನ ಎಂಬ ಎರಡು ಕಾಲಂ ಸಾಲದು. ಕಚೇರಿಯ ಕಡತಗಳಲ್ಲಿ ಇರುವಂತೆ ಕೊನೆಗೆ ಅಗಲವಾದ ಒಂದು ‘ಷರಾ’ ಕಾಲಂ ಎಳೆಸಿ. ಫ್ಯಾನ್ ಹಾಕಿದ್ದು, ಕರೆಂಟ್ ಹೋದದ್ದು, ಯಾರೋ ನೀರು ಕಲಕಿದ್ದು ಎಲ್ಲವೂ ಅಲ್ಲಿ ಬರಲಿ. ಕೋಣೆಯ ತಾಪಮಾನವನ್ನು ಮೇಲ್ತುದಿಯಲ್ಲಿ ಮೊದಲೇ ಬರೆಸಿಬಿಡಿ.

ಸೆನ್ಸರನ್ನು ನೀರಿಗೆ ಇಳಿಸಿದ ಕೂಡಲೇ ಬರೆಯಲು ಆರಂಭಿಸಬೇಡಿ. ಸ್ಟೀಲ್ ಮೂತಿ ಕಾಯುವವರೆಗೆ ಅಂಕಿ ಏರುತ್ತಲೇ ಇರುತ್ತದೆ. ಅದು ಇಳಿಯತೊಡಗಿದ ಮೇಲೆ ಸೊನ್ನೆ ನಿಮಿಷ ಎಂದು ಹಿಡಿಯಿರಿ. ಒಬ್ಬರು ಗಡಿಯಾರ ನೋಡಲಿ, ಒಬ್ಬರು ಅಂಕಿ ಓದಲಿ, ಬರೆಯುವವರು ಅದನ್ನು ಗಟ್ಟಿಯಾಗಿ ಮರಳಿ ಹೇಳಲಿ. ಅರವತ್ತಾರು, ಎಪ್ಪತ್ತಾರು ಎರಡೂ ತರಗತಿಯ ಗದ್ದಲದಲ್ಲಿ ಒಂದೇ ಆಗಿ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಓದಿದರಂತೂ ಸಿಕ್ಸ್‌ಟೀನ್ ಯಾವುದು, ಸಿಕ್ಸ್‌ಟಿ ಯಾವುದು ದೇವರೇ ಬಲ್ಲ.

ಪರದೆ 69.81 ಎಂದು ತೋರಿಸಿದರೆ 69.8 ಸಾಕು. ಈ ಸೆನ್ಸರಿನ ಅತಿ ಸಣ್ಣ ಹೆಜ್ಜೆಯೇ 0.0625 ಡಿಗ್ರಿ, ಮೇಲಾಗಿ ಮೈನಸ್ 10ರಿಂದ 85 ಡಿಗ್ರಿಯವರೆಗೆ ಅದರ ನಿಖರತೆ ಅರ್ಧ ಡಿಗ್ರಿ ಹೆಚ್ಚುಕಡಿಮೆ. ಎರಡನೇ ದಶಮಾಂಶ ಬರೀ ಅಲಂಕಾರ.

ಮಕ್ಕಳು ಎಡವುವುದು ಹೆಚ್ಚಾಗಿ ಪಠ್ಯಪುಸ್ತಕವನ್ನು ನಂಬಿ. ನೀರು 100ಕ್ಕೆ ಕುದಿಯುತ್ತದೆ ಎಂದು ಓದಿರುತ್ತಾರೆ. ಸೆನ್ಸರ್ 97 ಎಂದರೆ ಮೆಲ್ಲನೆ 100 ಎಂದು ಬರೆದುಬಿಡುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ! ಕಂಡದ್ದನ್ನು ಬರೆಯಲಿ, ಕಾರಣ ಆಮೇಲೆ ಹುಡುಕಿದರಾಯಿತು. ಪೆನ್ಸಿಲ್ ಬೇಡ, ಪೆನ್ನೇ ಇರಲಿ. ತಪ್ಪಿದರೆ ಕೆಳಗಿನ ಅಂಕಿ ಕಾಣುವಂತೆ ಒಂದೇ ಗೆರೆ ಹೊಡೆಯಲಿ. ಒಂದು ನಿಮಿಷ ಕೈತಪ್ಪಿ ಹೋದರೆ ಜಾಗ ಖಾಲಿ ಇರಲಿ, ಪಕ್ಕದ ಗುಂಪಿನಿಂದ ಸಾಲ ತರುವುದು ಬೇಡ.

ಲ್ಯಾಪ್‌ಟಾಪಿನ ಫೈಲನ್ನೂ ಇಟ್ಟುಕೊಳ್ಳಿ. ಮರುದಿನ ಎರಡನ್ನೂ ಪಕ್ಕಪಕ್ಕ ಇಟ್ಟು ಗ್ರಾಫ್ ಎಳೆಸಿ. ಆ ಎಂಟನೇ ನಿಮಿಷದ ಚುಕ್ಕೆಯನ್ನು ಗ್ರಾಫಿನಲ್ಲಿ ಬಿಡಬೇಕೋ ಇಡಬೇಕೋ ಎಂದು ಮಕ್ಕಳೇ ಜಗಳವಾಡಿ ತೀರ್ಮಾನಿಸಲಿ. ನೋಟ್‌ಬುಕ್ಕಿನಿಂದ ಮಾತ್ರ ಅದನ್ನು ಅಳಿಸಲು ಬಿಡಬೇಡಿ.