ಅಸೆಂಬಲ್ಡೋ ಬ್ರ್ಯಾಂಡೆಡ್ಡೋ: ಜಾಹೀರಾತಿನಲ್ಲಿ ಬರೆಯದ ಭಾಗಗಳು

ಡೆಸ್ಕ್‌ಟಾಪ್ ಜೋಡಿಸಿಕೊಳ್ಳುವುದೋ ಸಿದ್ಧವಾದದ್ದನ್ನು ತರುವುದೋ ಎಂದು ಕೇಳಿದ ಕೂಡಲೇ ಮಾತು ಬೆಲೆಗೆ ಹೊರಳುತ್ತದೆ. ಆದರೆ ಬೆಲೆಯನ್ನು ನಂಬಿ ಉತ್ತರ ಬರೆದರೆ ಅದು ಬೇಗ ಹಳತಾಗುತ್ತದೆ. 2021ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಬರ ಬಂದಾಗ ಸಿದ್ಧ ಕಂಪ್ಯೂಟರ್ ಕೊಂಡವರು ಜಾಣರೆನಿಸಿಕೊಂಡರು. 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜಿಗಿದಾಗ ಬಿಡಿಭಾಗ ಕೊಳ್ಳುವವರ ಲೆಕ್ಕವೆಲ್ಲ ಮತ್ತೆ ಏರುಪೇರಾಯಿತು. ಹಾಗಾಗಿ ಇಲ್ಲಿ ಬೇರೆ ಪ್ರಶ್ನೆ ಹಿಡಿಯುತ್ತೇನೆ: ಒಂದು ಭಾಗ ಕೆಟ್ಟರೆ ಅದರ ಬದಲಿ ಪೇಟೆಯಲ್ಲಿ ಸಿಗುತ್ತದೆಯೇ?

ಹಿನ್ನೆಲೆ ಎರಡು ಸಾಲಿನಲ್ಲಿ. 1981ರ ಐಬಿಎಂ ಪಿಸಿಯನ್ನು ಬಹುಪಾಲು ಪೇಟೆಯಲ್ಲಿ ಸಿಗುವ ಭಾಗಗಳಿಂದಲೇ ಕಟ್ಟಲಾಗಿತ್ತು. ಹಾಗಾಗಿ ಬೇರೆ ಕಂಪನಿಗಳೂ ಅಂಥದ್ದನ್ನು ತಯಾರಿಸಲು ಸಾಧ್ಯವಾಯಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡಿನ (ಎಲ್ಲ ಭಾಗಗಳೂ ಬಂದು ಸೇರುವ ಮುಖ್ಯ ಫಲಕ) ಅಳತೆ, ಸ್ಕ್ರೂ ಕೂರುವ ಜಾಗ, ವಿದ್ಯುತ್ ಕನೆಕ್ಟರ್ ಎಲ್ಲವನ್ನೂ ಗೊತ್ತುಮಾಡಿತು. ಒಂದು ಕಂಪನಿಯ ಕ್ಯಾಬಿನೆಟ್‌ಗೆ ಇನ್ನೊಂದು ಕಂಪನಿಯ ಬೋರ್ಡ್ ಕೂರುವುದು ಈ ಒಪ್ಪಂದದಿಂದ.

ಒಂದು ಸಾಲನ್ನು ಓದುವ ಬಗೆ

'ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ.' ಸಿದ್ಧ ಕಂಪ್ಯೂಟರಿನ ಜಾಹೀರಾತು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲುತ್ತದೆ. ಐ5 ಎಂಬ ಇಂಟೆಲ್ ಪ್ರೊಸೆಸರ್ ಎಷ್ಟನೆಯ ಪೀಳಿಗೆಯದು? 16 ಜಿಬಿ ಒಂದೇ ಕಡ್ಡಿಯೋ, ಎಂಟರ ಎರಡು ಕಡ್ಡಿಗಳೋ? ಒಂದೇ ಕಡ್ಡಿಯಾದರೆ ಮೆಮೊರಿಯ ಎರಡು ಚಾನೆಲ್‌ಗಳಲ್ಲಿ ಒಂದು ಖಾಲಿ ಉಳಿಯುತ್ತದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಇದರ ಪೆಟ್ಟು ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನು ಎರಡು ಭಾಗಗಳ ಹೆಸರೇ ಆ ಸಾಲಿನಲ್ಲಿ ಇರುವುದಿಲ್ಲ: ಮದರ್‌ಬೋರ್ಡ್ ಮತ್ತು ಎಸ್‌ಎಂಪಿಎಸ್, ಅಂದರೆ ಎಲ್ಲ ಭಾಗಗಳಿಗೂ ವಿದ್ಯುತ್ ಹಂಚುವ ಡಬ್ಬಿ. ಡೆಲ್, ಎಚ್‌ಪಿ ಕಂಪನಿಗಳ ಹಲವು ಮಾದರಿಗಳಲ್ಲಿ ಇವೆರಡೂ ಎಟಿಎಕ್ಸ್ ಅಳತೆಗೆ ಬಗ್ಗುವುದಿಲ್ಲ. ಅಲ್ಲಿ ಎಟಿಎಕ್ಸ್ ಮಾನದಂಡದ 24 ಪಿನ್ನಿನ ಕನೆಕ್ಟರ್ ಬದಲು ಕಂಪನಿಯದೇ ಬೇರೆ ಕನೆಕ್ಟರ್ ಇರುತ್ತದೆ. ವಾರಂಟಿ ಮುಗಿದ ಮೇಲೆ ಎಸ್‌ಎಂಪಿಎಸ್ ಸುಟ್ಟರೆ ಬೆಂಗಳೂರಿನ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯಲ್ಲಿ ಸಾಲಾಗಿ ಜೋಡಿಸಿಟ್ಟ ಯಾವುದೂ ನೇರವಾಗಿ ಹೊಂದುವುದಿಲ್ಲ. ಆ ಮಾದರಿಯದನ್ನೇ ಹುಡುಕಬೇಕು. ಸಿದ್ಧ ಕಂಪ್ಯೂಟರಿನ ಮೇಲಿನ ನಿಜವಾದ ಆಕ್ಷೇಪ ಇದು ಎಂಬುದು ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ಪಕ್ಕದ ಮುಚ್ಚಳ ತೆಗೆದು ತೋರಿಸಲು ಕೇಳಿ. ಕೇಳಲು ಸಂಕೋಚ ಬೇಡ.

ಎಸ್‌ಎಂಪಿಎಸ್ ಲೆಕ್ಕ

ಜೋಡಿಸಿಕೊಳ್ಳುವವರು ಎಡವುವುದೂ ಇಲ್ಲಿಯೇ. ಪ್ರೊಸೆಸರಿಗೆ ಹಣ ಸುರಿದು, ಕ್ಯಾಬಿನೆಟ್ ಜೊತೆಗೆ ಬರುವ ಎಸ್‌ಎಂಪಿಎಸ್ ಸಾಕು ಎನ್ನುತ್ತಾರೆ. ಲೆಕ್ಕ ಮಾಡಿ ನೋಡೋಣ. ಎಎಂಡಿ ಕಂಪನಿಯ ರೈಜೆನ್ 5 7600 ಪ್ರೊಸೆಸರ್ ಪೂರ್ಣ ಹೊರೆಯಲ್ಲಿ ಸುಮಾರು 88 ವಾಟ್, ಆರ್‌ಟಿಎಕ್ಸ್ 4060 ಕಾರ್ಡ್ 115 ವಾಟ್. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್‌ಗಳಿಗೆ ಒಟ್ಟಾಗಿ 60 ಎಂದಿಟ್ಟುಕೊಳ್ಳಿ. ಮೊತ್ತ 263. ಕಾರ್ಡಿಗೆ ಎನ್ವಿಡಿಯಾ ಸೂಚಿಸುವುದು 550 ವಾಟಿನ ಎಸ್‌ಎಂಪಿಎಸ್. ಕ್ಷಣಿಕ ಏರಿಳಿತ ತಡೆದುಕೊಳ್ಳಲು ಅಷ್ಟು ಬಿಡುವು ಬೇಕು.

ಆದರೆ ಡಬ್ಬಿಯ ಮೇಲಿನ ದಪ್ಪ ಅಂಕಿಯನ್ನು ನೋಡಬೇಡಿ, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲನ್ನು ಓದಿ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಆ ಸಾಲಿನಿಂದಲೇ ವಿದ್ಯುತ್ ಎಳೆಯುತ್ತವೆ. '450' ಎಂದು ಅಚ್ಚಾಗಿರುವ ಡಬ್ಬಿಯಲ್ಲಿ 12 ವೋಲ್ಟ್ ಸಾಲು 15 ಆಂಪಿಯರ್ ಎಂದಿದ್ದರೆ, 12 × 15 = 180 ವಾಟ್. ಕೈಗೆ ಸಿಗುವುದು ಅಷ್ಟೇ. '80 ಪ್ಲಸ್' ಮುದ್ರೆಯೂ ಹೇಳುವುದು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು. ಬಾಳಿಕೆಯ ಬಗ್ಗೆ ಅದು ಭರವಸೆ ಕೊಡುವುದಿಲ್ಲ.

ಮುಂದಿನ ವರ್ಷಗಳಿಗಾಗಿ

ಎಎಂಡಿಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) 2016ರಲ್ಲಿ ಬಂತು. ಅದಕ್ಕೆ ಹೊಂದುವ 5800ಎಕ್ಸ್3ಡಿ ಪ್ರೊಸೆಸರ್ ಬಂದದ್ದು 2022ರಲ್ಲಿ. ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ನವೀಕರಿಸಿದರೆ ಹಲವು ಹಳೆಯ ಬೋರ್ಡುಗಳಲ್ಲೇ ಅದು ಓಡಿತು. ಜೋಡಿಸಿಕೊಂಡವರಿಗೆ ಸಿಕ್ಕ ದೊಡ್ಡ ಲಾಭ ಅದು. ಎಲ್ಲ ಸಾಕೆಟ್‌ಗಳಿಗೂ ಅಷ್ಟು ಆಯುಸ್ಸು ಇರುವುದಿಲ್ಲ. ಬೋರ್ಡ್ ಆರಿಸುವ ಮೊದಲು ವಿಚಾರಿಸಿ.

ಸಿದ್ಧ ಕಂಪ್ಯೂಟರಿನ ಪರವಾಗಿ

ಕೆಟ್ಟಾಗ ಒಂದೇ ಕಡೆ ದೂರು ಕೊಟ್ಟರೆ ಸಾಕು, ಹಲವು ಮಾದರಿಗಳಿಗೆ ಮನೆಗೇ ಬಂದು ರಿಪೇರಿ ಮಾಡುತ್ತಾರೆ. ಜೋಡಿಸಿದ್ದರಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ವಾರಂಟಿ, ಒಂದೊಂದು ಸರ್ವಿಸ್ ಸೆಂಟರ್. ಯಾವ ಭಾಗ ಕೆಟ್ಟಿದೆ ಎಂದು ಮೊದಲು ನೀವೇ ಪತ್ತೆ ಮಾಡಬೇಕು. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ವಿಂಡೋಸ್ ಪರವಾನಗಿಯ ಹಣವನ್ನೂ ಕೂಡಿಸಿಯೇ ಎರಡನ್ನು ಹೋಲಿಸಿ. ಬ್ರ್ಯಾಂಡೆಡ್ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಸೇರಿರುತ್ತದೆ. ತಾಲ್ಲೂಕು ಕೇಂದ್ರದ ಅಂಗಡಿಗೋ ಕಚೇರಿಗೋ ಬಿಲ್ಲಿಂಗ್, ಟೈಪಿಂಗ್ ಕೆಲಸಕ್ಕಾದರೆ ನಾನು ಬ್ರ್ಯಾಂಡೆಡ್ ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ವಿಡಿಯೊ ಎಡಿಟಿಂಗ್, ಆಟ, ಅಥವಾ ಹಾರ್ಡ್‌ವೇರ್ ಕಲಿಯುವ ಆಸೆ ಇದ್ದರೆ ಸ್ಕ್ರೂಡ್ರೈವರ್ ಹಿಡಿಯಿರಿ.

ಮೊದಲ ಸಲ ಆನ್ ಮಾಡುವಾಗ

ಎಎಂ4ರ ನಂತರ ಬಂದ ಎಎಂ5 ಸಾಕೆಟ್ ಇರುವ ಬೋರ್ಡುಗಳು ಮೊದಲ ಬಾರಿಗೆ ಡಿಡಿಆರ್5 ಮೆಮೊರಿಯನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ. ಗಾಬರಿಯಿಂದ ಸ್ವಿಚ್ ಆರಿಸಬೇಡಿ, ಕಾಯಿರಿ. ಆಮೇಲೂ ಏನೂ ಬರದಿದ್ದರೆ ಮಾನಿಟರ್ ಕೇಬಲ್ ನೋಡಿ. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಲ್ಲಿ ಮುಗಿದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕೇಬಲ್ಲನ್ನು ಮದರ್‌ಬೋರ್ಡಿನಿಂದ ಕಿತ್ತು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಬೇಕು.